ಮಗಳಿಗೊಂದು ಪತ್ರ: ಹುಟ್ಟು ಹಾಕಲು ಬಲ್ಲವರು, ಕಲಿಸಲು ಬಲ್ಲವರು

ಆನೆಗೊಂದಿ,
ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ಮೊನ್ನೆ ರಾತ್ರಿ ನೀನು ಫೋನು ಮಾಡಿ, ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿಸುವ ಬೋಧಕರ ಎರಡನೇ ಹಂತದ ಪ್ರಮಾಣಪತ್ರ ಈ ಸಲ ಕೈಗೆ ಬರಲಿಲ್ಲವೆಂದು ಹೇಳುವಾಗ ನಿನ್ನ ದನಿ ನಡುಗುತ್ತಿತ್ತು. ಫೋನು ಅವ್ವನ ಕೈಯಲ್ಲಿದ್ದುದರಿಂದ ನಾನು ಹೆಚ್ಚು ಮಾತನಾಡಲಿಲ್ಲ. ಮಾತನಾಡಿದ್ದರೂ ಆ ಹೊತ್ತಿನಲ್ಲಿ ಸಮಾಧಾನದ ನಾಲ್ಕು ಮಾತು ಆಡುತ್ತಿದ್ದೆನೇ ಹೊರತು, ಹೇಳಲೇಬೇಕಾದ ಒಂದು ಸಂಗತಿಯನ್ನು ಹೇಳುತ್ತಿರಲಿಲ್ಲ. ಅದಕ್ಕಾಗಿ ಈ ಪತ್ರ.

ನೀನು ಹೇಳಿದ್ದನ್ನು ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದೆ. ಹುಟ್ಟು ಹಾಕುವುದರಲ್ಲಿ ನಿನಗೆ ಪೂರ್ತಿ ಅಂಕ. ಮಗುಚಿದ ದೋಣಿಯಿಂದ ನೀರೊಳಗೇ ಹೊರಬರುವುದರಲ್ಲಿ, ಇನ್ನೊಬ್ಬರ ದೋಣಿಯ ಮೂತಿಯನ್ನು ನಿನ್ನ ದೋಣಿಯ ಮೇಲೆ ಅಡ್ಡ ಎಳೆದುಕೊಂಡು ನೀರು ಬಸಿದು ಅವರನ್ನು ಮತ್ತೆ ಹತ್ತಿಸುವುದರಲ್ಲಿಯೂ ಪೂರ್ತಿ ಅಂಕ. ಉಳಿದದ್ದು ಕಲಿಸುವ ಭಾಗ ಮಾತ್ರ. ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಹುಟ್ಟನ್ನು ಅರ್ಧಚಂದ್ರದ ಹಾಗೆ ಎಳೆದು ದೋಣಿಯನ್ನು ತಿರುಗಿಸುವ ಸ್ವೀಪ್ ಪಾಠವನ್ನು ನಿನಗೆ ಕೊಟ್ಟಿದ್ದರು. ಹದಿನೈದು ನಿಮಿಷದ ಪಾಠದಲ್ಲಿ ಒಂಬತ್ತು ನಿಮಿಷ ನೀನೇ ಮಾತನಾಡಿದೆ. ಐವರು ಕಲಿಯುವವರು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಕುಳಿತೇ ಇದ್ದರು. ಅವರಲ್ಲಿ ಒಬ್ಬನು ಹುಟ್ಟನ್ನು ತಲೆಕೆಳಗಾಗಿ ಹಿಡಿದಿದ್ದುದು ಕೊನೆಯವರೆಗೂ ನಿನ್ನ ಕಣ್ಣಿಗೆ ಬೀಳಲಿಲ್ಲ. ಪರೀಕ್ಷಕರು ನಿನ್ನನ್ನು ಅನುತ್ತೀರ್ಣಳೆಂದು ಬರೆಯಲಿಲ್ಲ, ಉತ್ತೀರ್ಣಳೆಂದೂ ಬರೆಯಲಿಲ್ಲ, ಈ ಒಂದು ಭಾಗವನ್ನು ಅಭ್ಯಾಸ ಮಾಡಿ ಮತ್ತೆ ಬಂದು ತೋರಿಸಬೇಕೆಂದು ಬರೆದರು. ಮಗಳೇ, ಅವರು ಬರೆದದ್ದು ಸರಿಯಾಗಿದೆ.

ಇದನ್ನು ಹೇಳುವ ಹಕ್ಕು ನನಗಿದೆಯೆಂದು ತಿಳಿದಿದ್ದೇನೆ. ಶಿಕ್ಷಕನಾಗಲು ಟಿ.ಸಿ.ಎಚ್. ತರಬೇತಿ ಓದುವಾಗ ನಾನು ಕೊಟ್ಟ ಮೊದಲ ಅಭ್ಯಾಸ ಪಾಠಕ್ಕೆ ನಮ್ಮ ಗುರುಗಳು ಕೆಂಪು ಶಾಯಿಯಲ್ಲಿ, ಫಲಕದ ಕೆಲಸ ಅಚ್ಚುಕಟ್ಟು, ಹಿಂದಿನ ಸಾಲಿನ ಮಕ್ಕಳನ್ನು ಒಮ್ಮೆಯೂ ಕೇಳಲಿಲ್ಲ ಎಂದು ಬರೆದಿದ್ದರು. ವಿಷಯ ನನಗೆ ಬಾಯಿಪಾಠವಾಗಿತ್ತು. ಆದರೆ ಪಾಠವೆಂದರೆ ನನ್ನ ತಲೆಯಲ್ಲಿರುವುದನ್ನು ಹೊರಗೆ ಹಾಕುವುದಲ್ಲ, ಮಗುವಿನ ಕೈ ಏನು ಮಾಡುತ್ತಿದೆ ಎಂದು ನೋಡುವುದು ಎಂಬುದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ನೀನು ಪರೀಕ್ಷೆ ಕೊಟ್ಟ ಪದ್ಧತಿಯನ್ನು ರೂಪಿಸಿದ ಅಮೆರಿಕನ್ ಕೆನೋ ಅಸೋಸಿಯೇಷನ್ 1880ರಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿ ಬೋಧಕರಾಗುವವರಿಗೆ ತರಬೇತಿ ಶಿಬಿರವೇ ಬೇರೆ, ಪ್ರಮಾಣೀಕರಣ ಪರೀಕ್ಷೆಯೇ ಬೇರೆ ಎಂಬುದನ್ನು ನೀನು ಕಳಿಸಿದ ಕಾಗದಗಳಲ್ಲಿ ಓದಿದಾಗ ನನಗೆ ಬಹಳ ಮೆಚ್ಚುಗೆಯಾಯಿತು. ಮೊದಲನೆಯದರಲ್ಲಿ ತಪ್ಪು ಮಾಡಲು ಅವಕಾಶವಿದೆ, ತಪ್ಪನ್ನು ತಿದ್ದಿಕೊಳ್ಳಲು ಸಮಯವಿದೆ. ಎರಡನೆಯದರಲ್ಲಿ ಮಾತ್ರ ತೂಗಿ ನೋಡುತ್ತಾರೆ. ಪ್ರಮಾಣಪತ್ರ ಕೈಗೆ ಬಂದ ಮೇಲೂ ಅದರ ಆಯುಷ್ಯ 4 ವರ್ಷ. ಅಷ್ಟರಲ್ಲಿ ನಿಜವಾಗಿ ಪಾಠ ಮಾಡಿ ವರದಿ ಕೊಟ್ಟಿರಬೇಕು, ಹಿರಿಯ ತರಬೇತುದಾರರ ಮುಂದೆ ಮತ್ತೆ ನೀರಿಗಿಳಿದು ತೋರಿಸಬೇಕು, ಪ್ರಥಮ ಚಿಕಿತ್ಸೆ ಮತ್ತು ಎದೆ ಒತ್ತಿ ಜೀವ ಉಳಿಸುವ ಸಿ.ಪಿ.ಆರ್. ತರಬೇತಿಯ ಪತ್ರಗಳು ಚಾಲ್ತಿಯಲ್ಲಿರಬೇಕು. ಕೆಲವರು ಇದನ್ನು ಹಣ ಕೀಳುವ ದಾರಿಯೆನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಈಜು ಒಮ್ಮೆ ಕಲಿತರೆ ಮರೆಯುವುದಿಲ್ಲ, ನಿಜ. ಆದರೆ ಐದು ಜನರ ಮೇಲೆ ಏಕಕಾಲಕ್ಕೆ ಕಣ್ಣಿಡುವ ಎಚ್ಚರ ಬಳಸದಿದ್ದರೆ ಮಸುಕಾಗುತ್ತದೆ.

ನಮ್ಮ ಮನೆತನದಲ್ಲಿಯೂ ಪರೀಕ್ಷೆಯಿತ್ತು, ಕಾಗದವಿರಲಿಲ್ಲ ಅಷ್ಟೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ನಮ್ಮ ಈ ತುಂಗಭದ್ರಾ ಹೊಳೆಯನ್ನು ದಾಟಿಸುತ್ತಿದ್ದ ದೋಣಿಗಳು ಬುಟ್ಟಿಯಂತೆ ದುಂಡಗಿದ್ದವು, ಹೊರಗೆ ತೊಗಲು ಹೊದಿಸಿದ್ದವು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ನೇರ ಹೋಗಲಾರದೆ ಸುತ್ತುತ್ತಲೇ ಇದ್ದವು ಎಂದು ಬರೆದಿಟ್ಟಿದ್ದಾನೆ. ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿತೆಂಬುದನ್ನು ಬಿಟ್ಟರೆ ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಆಚೆ ದಡದ ತಳವಾರಘಟ್ಟಕ್ಕೆ ಹಾಕುತ್ತಿದ್ದ ಹರಿಗೋಲು ಅದೇ. ಸೇತುವೆ ಬರುವ ಮುಂಚೆ ಅದರಲ್ಲಿ ಜನರ ಜೊತೆ ಮೋಟಾರ್ ಸೈಕಲ್ಲೂ ದಾಟುತ್ತಿತ್ತು. ಮೂರು ವರ್ಷ ಅಜ್ಜ ನನ್ನನ್ನು ಖಾಲಿ ಹರಿಗೋಲಿನಲ್ಲಿ ಮಾತ್ರ ಹುಟ್ಟು ಹಾಕಲು ಬಿಟ್ಟರು. ಒಂದು ಮುಂಜಾನೆ ಏನೂ ಹೇಳದೆ ಹುಟ್ಟನ್ನು ನನ್ನ ಕೈಗೆ ಕೊಟ್ಟು, ತಾವು ಸಂತೆಗೆ ಹೊರಟ ಜನರ ನಡುವೆ ಹೋಗಿ ನನಗೆ ಬೆನ್ನು ಮಾಡಿ ಕುಳಿತರು. ಆಚೆ ದಡ ಮುಟ್ಟುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೆ ಸಿಕ್ಕ ಪ್ರಮಾಣಪತ್ರ ಅದು.

ಅಂಬಿಗರ ಚೌಡಯ್ಯನ ಕುಲದವರು ನಾವು ಎಂಬ ಅಭಿಮಾನದಿಂದ ಈ ಕಥೆಯನ್ನು ನಾನು ಎಷ್ಟೋ ಸಲ ನಿನಗೆ ಹೇಳಿದ್ದೇನೆ. ಇದರ ಮುಂದಿನ ಭಾಗವನ್ನು ಮಾತ್ರ ಇದುವರೆಗೆ ಹೇಳಿರಲಿಲ್ಲ.

ನಾನು ಶಾಲೆಗೆ ಶಿಕ್ಷಕನಾಗಿ ಸೇರಿದ ಮೇಲೆ ಬೇಸಿಗೆ ರಜೆಯಲ್ಲಿ ನಮ್ಮ ಓಣಿಯ ಒಬ್ಬ ಹುಡುಗನಿಗೆ ಹರಿಗೋಲು ಕಲಿಸಿದೆ. ಕಲಿಸಿದೆ ಎಂಬುದಕ್ಕಿಂತ, ಅಜ್ಜ ನನಗೆ ಮಾಡಿದಂತೆ ನಾನೂ ಮಾಡಿದೆ: ಪಕ್ಕದಲ್ಲಿ ಕೂರಿಸಿಕೊಂಡೆ, ನೋಡಿ ಕಲಿ ಎಂದೆ. ಅವನ ತೋಳು ಗಟ್ಟಿ, ಎರಡು ತಿಂಗಳಿಗೆ ಹುಟ್ಟು ಅವನ ಮಾತು ಕೇಳತೊಡಗಿತು. ಆ ವರ್ಷ ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟ ಒಂದು ದಿನ ಅವನ ಹರಿಗೋಲು ಬಂಡೆಗೆ ತಾಗಿ ಒರಗಿತು. ಅವನು ನೀರಿಗೆ ಬಿದ್ದ. ನೀರು ಎದೆಮಟ್ಟವಷ್ಟೇ ಇತ್ತು. ಯಾರಾದರೂ ಮಾಡುವುದನ್ನೇ ಅವನೂ ಮಾಡಿದ, ಕಾಲೂರಿ ನಿಲ್ಲಲು ಹೋದ. ಎರಡು ಗುಂಡುಕಲ್ಲುಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡಿತು. ಹಿಂದಿನಿಂದ ಸೆಳವು ನೂಕಿ ಅವನನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ನೀರಿನೊಳಗೆ ಒತ್ತಿತು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಇಬ್ಬರು ಹಾರಿ ಅವನ ಭುಜ ಎತ್ತಿ ಹಿಡಿದು ಕಾಲು ಬಿಡಿಸಿದರು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಇಂದಿಗೂ ಅವನು ಕುಂಟುತ್ತಲೇ ನಮ್ಮ ಮನೆಯ ಮುಂದೆ ಹಾದುಹೋಗುತ್ತಾನೆ.

ಸೆಳವಿನಲ್ಲಿ ಬಿದ್ದರೆ ನಿಲ್ಲಬಾರದು, ಅಂಗಾತ ಮಲಗಿ ಪಾದಗಳನ್ನು ಹರಿವಿನ ಕಡೆಗೆ ಮೇಲೆತ್ತಿ ತೇಲಬೇಕು, ನೀರು ಸಡಿಲಾದ ಕಡೆ ಓರೆಯಾಗಿ ದಡಕ್ಕೆ ಈಜಬೇಕು ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದು ನನಗೆ ಎಷ್ಟು ಸಹಜವಾಗಿತ್ತೆಂದರೆ, ಹೇಳಬೇಕಾದ ಸಂಗತಿಯೆಂದೇ ತೋರಲಿಲ್ಲ. ಶಾಲೆಯಲ್ಲಿ ಪಾಠಟಿಪ್ಪಣಿ ಬರೆಯದೆ ತರಗತಿಗೆ ಕಾಲಿಡದಿದ್ದ ನಾನು ಹೊಳೆಯಲ್ಲಿ ಒಂದು ಟಿಪ್ಪಣಿಯನ್ನೂ ಬರೆಯಲಿಲ್ಲ. ಬೋಧಕರ ತರಬೇತಿ ಎಂಬುದು ಏಕೆ ಬೇಕು ಎಂದು ನಮ್ಮ ಹರಿಗೋಲಿನವರು ಕೇಳಿದಾಗಲೆಲ್ಲ ನನ್ನ ಕಣ್ಣಿನ ಮುಂದೆ ಬರುವುದು ಆ ಕಾಲು. ಬಲ್ಲವನು ತನಗೆ ಗೊತ್ತಿರುವುದರಲ್ಲಿ ಅರ್ಧವನ್ನು ಹೇಳುವುದೇ ಇಲ್ಲ, ಏಕೆಂದರೆ ಅದು ತನಗೆ ಗೊತ್ತಿದೆಯೆಂದೇ ಅವನಿಗೆ ಗೊತ್ತಿರುವುದಿಲ್ಲ. ಆ ಅರ್ಧವನ್ನು ಹೊರಗೆಳೆದು, ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಮಾಡಿಸಿ ನೋಡಲೇಬೇಕು ಎಂದು ಜೋಡಿಸಿಕೊಡುವುದೇ ನಿನ್ನ ಶಿಬಿರದವರ ಕೆಲಸ.

ಆದ್ದರಿಂದ ಮುಂದಿನ ಸಲ ಸ್ವೀಪ್ ಕಲಿಸುವಾಗ ಎರಡು ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಡ. ಒಮ್ಮೆ ಮಾತಿಲ್ಲದೆ ಮಾಡಿ ತೋರಿಸು, ಅವರಿಂದ ಮಾಡಿಸು, ಆಮೇಲೆ ಒಬ್ಬೊಬ್ಬರಿಗೆ ಒಂದೇ ತಿದ್ದುಪಡಿ ಹೇಳು. ಮೂರು ತಪ್ಪು ಕಂಡರೂ ಒಂದನ್ನೇ ಹೇಳು, ಉಳಿದ ಎರಡು ಹಲವು ಸಲ ಅದರ ಹಿಂದೆಯೇ ಸರಿಹೋಗುತ್ತವೆ. ನೀರಿಗಿಳಿಯುವ ಮುಂಚೆ ಐದೂ ಜನರ ಹುಟ್ಟನ್ನೂ ಲೈಫ್ ಜಾಕೆಟ್ಟನ್ನೂ ನಿನ್ನ ಕೈಯಿಂದಲೇ ಮುಟ್ಟಿ ನೋಡು. ಭುಜದ ಪಟ್ಟಿ ಹಿಡಿದು ಮೇಲೆತ್ತಿದಾಗ ಜಾಕೆಟ್ಟು ಗಲ್ಲದ ಮೇಲಕ್ಕೆ ಬಂದರೆ ಅದು ನೀರಿನಲ್ಲಿ ಕಳಚಿಕೊಳ್ಳಬಹುದು. ಸಾಣಾಪುರದ ಕೆರೆಯ ದಡದಲ್ಲಿ ಪ್ರವಾಸಿಗರು ಬಕಲ್ ಹಾಕದೆ ಅದನ್ನು ಅಂಗಿಯಂತೆ ತೂಗಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು. ಎರಡನೇ ಹಂತದ ಪತ್ರ ಬಂದರೂ ಅದು ನಿಂತ ನೀರಿಗೆ, ಕೆರೆಗೆ, ಗಾಳಿಯ ಹೊಡೆತವಿಲ್ಲದ ಹಿನ್ನೀರಿಗೆ ಸಲ್ಲುವ ಪತ್ರ. ಅದನ್ನು ಹಿಡಿದು ಶಿಷ್ಯರನ್ನು ತುಂಗಭದ್ರೆಯ ಗುಂಡುಗಳ ನಡುವೆ ಕರೆದೊಯ್ಯಬಾರದು. ನದಿಯ ಕಷ್ಟವನ್ನು ಒಂದರಿಂದ ಆರರವರೆಗೆ ಅಳೆಯುವ ಅಂತರರಾಷ್ಟ್ರೀಯ ಮಾಪನವಿದೆ, ಆದರೆ ನಮ್ಮ ಹೊಳೆಯಲ್ಲಿ ಬೆಳಿಗ್ಗೆ ಒಂದಾಗಿದ್ದದ್ದು ಸಂಜೆಗೆ ನಾಲ್ಕಾಗಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಿನಗೆ ನೆನಪಿದೆಯಲ್ಲ? ಅಷ್ಟು ದೊಡ್ಡ ಅವಘಡವೇ ಆಗಬೇಕೆಂದಿಲ್ಲ. ಪ್ರತಿ ಮಳೆಗಾಲದಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ವಿಚಾರಿಸದೆ ಹುಟ್ಟು ಮುಟ್ಟಬಾರದು. ವಿಜಯನಗರದ ಕಾಲದ ಒಡ್ಡುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೇಲಿನಿಂದ ನೋಡಿದರೆ ಒಂದಾಳೆತ್ತರವೂ ಇಲ್ಲದ ಸಣ್ಣ ಧುಮುಕು. ಆದರೆ ಬುಡದಲ್ಲಿ ನೀರು ಮಗುಚಿ ಮತ್ತೆ ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಸಿಕ್ಕವರನ್ನು ಮುಳುಗಿಸಿ, ತೇಲಿಸಿ, ಮತ್ತೆ ಒಳಕ್ಕೆ ಎಳೆಯುತ್ತದೆ, ಲೈಫ್ ಜಾಕೆಟ್ ಇದ್ದವರನ್ನೂ ಬಿಡುವುದಿಲ್ಲ. ಇದನ್ನು ನಿನ್ನ ಕೈಪಿಡಿ ವಿವರಿಸುತ್ತದೆ, ಅಜ್ಜ ಜಾಗವನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಇಲ್ಲಿ ಕಲಿಸುವವರಿಗೆ ಎರಡೂ ಬೇಕು.

ಊರಿಗೆ ಬಂದು ಇಲ್ಲಿನ ಹುಡುಗ ಹುಡುಗಿಯರಿಗೆ ಕಲಿಸುವೆನೆಂದು, ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಕ್ಕೆ ಮೊದಲ ಸಲ ಹೊರಟ ದಿನವೇ ನೀನು ಹೇಳಿದ್ದೆ. ಹಾಗಾದರೆ ಈಗಿನಿಂದಲೇ ಕನ್ನಡದಲ್ಲಿ ಪಾಠಟಿಪ್ಪಣಿ ಬರೆದಿಡು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ, ಪರೀಕ್ಷೆಯೂ ಇಂಗ್ಲಿಷಿನಲ್ಲಿ ನಡೆಯಿತು, ಆದರೆ ದೋಣಿ ವಾಲುತ್ತಿರುವ ಅರೆಗಳಿಗೆಯಲ್ಲಿ ಹುಡುಗಿಯೊಬ್ಬಳಿಗೆ ಲೋ ಬ್ರೇಸ್ ಎಂದು ಕೂಗಿದರೆ ಅವಳ ಕೈ ಚಲಿಸುವುದಿಲ್ಲ. ಅಜ್ಜನಾಗಿದ್ದರೆ ‘ಹುಟ್ಟು ಮಲಗಿಸು’ ಎನ್ನುತ್ತಿದ್ದರು. ಅಷ್ಟು ಸಾಕು, ಅಲಗಿನ ಬೆನ್ನು ನೀರಿನ ಮೇಲೆ ಚಪ್ಪಟೆಯಾಗಿ ಕೂತು ಆಸರೆ ಸಿಗುತ್ತದೆ. ಸೆಳವು, ಸುಳಿ, ಮಡು, ಗುಂಡು ಎಂಬ ಮಾತುಗಳು ಈ ಮಕ್ಕಳಿಗೆ ಮನೆಯಲ್ಲೇ ಸಿಕ್ಕಿವೆ. ಹುಟ್ಟು ನೆಟ್ಟಗೆ ಎತ್ತಿ ಹಿಡಿದರೆ ಬರಬಹುದು, ಅಡ್ಡ ಹಿಡಿದರೆ ನಿಲ್ಲಬೇಕು, ಸೀಟಿ ಮೂರು ಸಲ ಊದಿದರೆ ಅಪಾಯ ಎಂಬ ಸಂಜ್ಞೆಗಳಿಗೆ ಭಾಷೆಯೇ ಬೇಡ.

ನಿನ್ನ ಅಭ್ಯಾಸ ಪಾಠಕ್ಕೆ ಐದು ಜನ ಬೇಕೆಂದಿದ್ದೆಯಲ್ಲ, ಐದೂ ಜನರನ್ನು ಒಪ್ಪಿಸಿದ್ದೇನೆ. ನಾಲ್ವರು ಹರಿಗೋಲು ಹಾಕುವ ಹುಡುಗರು; ಅವರಿಗೆ ಹೊಳೆ ಗೊತ್ತು, ನೀರಿಗೆ ಬಿದ್ದವರತ್ತ ಹಗ್ಗದ ಚೀಲ ಎಸೆಯುವುದು ಗೊತ್ತಿಲ್ಲ. ಐದನೆಯವಳು ಆ ಕುಂಟುವವನ ಮಗಳು, ಪಿ.ಯು.ಸಿ. ಓದುತ್ತಿದ್ದಾಳೆ. ಅವಳನ್ನು ಕಳಿಸುವೆಯಾ ಎಂದು ಕೇಳಲು ಅವರ ಮನೆಗೆ ಹೋದಾಗ ಬಹಳ ಹೊತ್ತು ನನಗೆ ಬಾಯಿ ಬರಲಿಲ್ಲ. ಅವನೇ ಕೇಳಿದ, ‘ಗುರುಗಳೇ, ನಿಲ್ಲಬಾರದು ಅನ್ನೋದನ್ನ ಮೊದಲನೇ ದಿನವೇ ಹೇಳ್ತಾಳಲ್ಲ ನಿಮ್ಮ ಮಗಳು?’ ಹೇಳುತ್ತಾಳೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಹಗ್ಗದ ಚೀಲ ಎರಡು ತೆಗೆದುಕೊಂಡು ಬಾ, ದುಡ್ಡು ಕಳಿಸುತ್ತೇನೆ. ಹೊರಡುವ ದಿನ ತಿಳಿಸಿದರೆ ಗಂಗಾವತಿಯ ಬಸ್ ನಿಲ್ದಾಣಕ್ಕೆ ನಾನೇ ಬಂದು ನಿಲ್ಲುತ್ತೇನೆ.

ನಿನ್ನ ಅಪ್ಪ