ಮೆದುಳಿನ ಗಡ್ಡೆಗೆ ಬೆಳಕಿನ ಚಿಕಿತ್ಸೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಮೆದುಳಿನ ಗಡ್ಡೆಯನ್ನು ಬೆಳಕಿನಿಂದಲೇ ಕೊಲ್ಲುವ ಚಿಕಿತ್ಸೆ ಬಂದಿದೆಯಂತೆ, ನಮ್ಮ ರಾಜ್ಯಕ್ಕೂ ತರಿಸಿ ಅಂತ ನಿಮಗೆ ಮನವಿಗಳು ಬರುತ್ತಿರಬಹುದು. ನನ್ನ ಮನವಿ ಬೇರೆ. ಕೊಲ್ಲುವ ಬೆಳಕು ನಿಧಾನವಾಗಿ ಬರಲಿ. ಗಡ್ಡೆಯನ್ನು ತೋರಿಸುವ ಬೆಳಕನ್ನು ಮೊದಲು ಸರ್ಕಾರಿ ಆಸ್ಪತ್ರೆಗಳಿಗೆ ಕೊಡಿಸಿ.

ನಾನು ಡಾಕ್ಟರಲ್ಲ. ನಮ್ಮ ಚಿಕ್ಕಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ, ಅಂದರೆ ಮೆದುಳಿನಲ್ಲಿ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ, ಅಂತ ಗೊತ್ತಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದವನು, ಸಿಕ್ಕ ಡಾಕ್ಟರನ್ನೆಲ್ಲ ಕಾಡಿದವನು.

ಈ ಗಡ್ಡೆಗೆ ಇಲ್ಲಿಗೆ ಮುಗಿಯಿತು ಅನ್ನುವ ಅಂಚೇ ಇಲ್ಲ. ಒಳ್ಳೆಯ ಮೆದುಳಿನೊಳಗೆ ಅದು ಬೇರು ಬಿಟ್ಟುಕೊಂಡಿರುತ್ತದೆ. ಆಪರೇಷನ್ ಮೈಕ್ರೋಸ್ಕೋಪಿನ ಬಿಳಿ ಬೆಳಕಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಜಾಸ್ತಿ ತೆಗೆದರೆ ಮಾತೋ ಕೈಯೋ ಹೋಗಬಹುದು. ಕಡಿಮೆ ತೆಗೆದರೆ ಬೇಗ ಮತ್ತೆ ಬೆಳೆಯುತ್ತದೆ, ಅದೂ ಹೆಚ್ಚಾಗಿ ಅದೇ ಜಾಗದ ಪಕ್ಕದಲ್ಲೇ. ಆಪರೇಷನ್, ಆಮೇಲೆ ರೇಡಿಯೇಷನ್ ಜೊತೆಗೆ ಟೆಮೊಝೊಲೊಮೈಡ್ ಅನ್ನುವ ಕೀಮೋ ಮಾತ್ರೆ, ಇದು 2005ರಿಂದ ನಡೆದುಬಂದಿರುವ ದಾರಿ. ಆ ದಾರಿ ತೋರಿಸಿದ ಅಧ್ಯಯನದಲ್ಲೇ ಅರ್ಧದಷ್ಟು ರೋಗಿಗಳು ಬದುಕಿದ್ದು 14.6 ತಿಂಗಳಿಗಿಂತ ಕಡಿಮೆ.

ಇಲ್ಲಿ ಬೆಳಕು ಎರಡು ಕೆಲಸ ಮಾಡುತ್ತದೆ. 5-ಎಎಲ್‌ಎ ಅನ್ನುವ ಒಂದು ಪುಡಿ ಇದೆ. ಅದನ್ನು ನೀರಿನಲ್ಲಿ ಕರಗಿಸಿ ಅನಸ್ತೇಸಿಯಾಕ್ಕೆ ಸುಮಾರು ಮೂರು ಗಂಟೆ ಮುಂಚೆ ಕುಡಿಸುತ್ತಾರೆ. ನಮ್ಮ ದೇಹ ರಕ್ತದ ಕೆಂಪು ಬಣ್ಣ ತಯಾರಿಸುವಾಗ ತಾನೇ ಮಾಡಿಕೊಳ್ಳುವ ವಸ್ತು ಇದು. ಗಡ್ಡೆಯ ಜೀವಕೋಶಗಳು ಇದನ್ನು ಪ್ರೋಟೋಪಾರ್ಫಿರಿನ್ ಆಗಿ ಬದಲಿಸಿ ತಮ್ಮೊಳಗೇ ಕೂಡಿಹಾಕಿಕೊಳ್ಳುತ್ತವೆ. ಆಗ ನೀಲಿ-ನೇರಳೆ ಬೆಳಕು ಬಿಟ್ಟರೆ ಗಡ್ಡೆ ಗುಲಾಬಿ ಕೆಂಪಾಗಿ ಹೊಳೆಯುತ್ತದೆ. ಅದೇ ಜಾಗಕ್ಕೆ 635 ನ್ಯಾನೋಮೀಟರಿನ ಕೆಂಪು ಬೆಳಕು ಬಿಟ್ಟರೆ, ಪ್ರೋಟೋಪಾರ್ಫಿರಿನ್ ಪಕ್ಕದ ಆಮ್ಲಜನಕವನ್ನು ಕೆರಳಿಸಿ ಆ ಜೀವಕೋಶವನ್ನೇ ಕೊಲ್ಲುತ್ತದೆ. ಫೋಟೋಡೈನಾಮಿಕ್ ಥೆರಪಿ ಅಂತ ಪತ್ರಿಕೆಗಳಲ್ಲಿ ಬರುವುದು ಈ ಎರಡನೆಯದು.

ಈ ಎರಡನೆಯದು ಸುಳ್ಳಲ್ಲ. ಟಾಲಾಪೋರ್ಫಿನ್ ಅನ್ನುವ ಬೇರೆ ಔಷಧಿ ಮತ್ತು ಲೇಸರ್ ಬಳಸಿ ಮೆದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಕೊಡಲು ಜಪಾನ್ 2013ರಲ್ಲೇ ಒಪ್ಪಿಗೆ ಕೊಟ್ಟಿತು. ಆದರೆ ಆ ಒಪ್ಪಿಗೆಯ ಹಿಂದಿದ್ದ ಪ್ರಯೋಗ ಚಿಕ್ಕದು, ಇಪ್ಪತ್ತು ಚಿಲ್ಲರೆ ರೋಗಿಗಳದ್ದು. ಬೆಳಕು ಮೆದುಳಿನೊಳಗೆ ಹೆಚ್ಚು ಆಳಕ್ಕೆ ಇಳಿಯುವುದೂ ಇಲ್ಲ, ಕೆಲವು ಮಿಲಿಮೀಟರಿನಲ್ಲೇ ಮಂಕಾಗುತ್ತದೆ. ಹಾಗಾಗಿ ಇದಕ್ಕೆ ಈಗಲೇ ಕೋಟಿಗಟ್ಟಲೆ ಸುರಿದು ಸೆಂಟರ್ ಕಟ್ಟಿ ಅಂತ ನಾನಂತೂ ಹೇಳುವುದಿಲ್ಲ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ, ಕೇಂದ್ರದ ಸಂಸ್ಥೆಯಾದರೂ ರಾಜ್ಯದ ಮಾತಿಗೆ ಅಲ್ಲಿ ಬೆಲೆಯಿದೆ. ನೋಂದಾಯಿಸಿದ ಪ್ರಯೋಗವಾಗಿ, ರೋಗಿಯಿಂದ ದುಡ್ಡು ತೆಗೆದುಕೊಳ್ಳದೆ ಅಲ್ಲಿ ನಡೆಸಲಿ, ರಾಜ್ಯ ಕೈಜೋಡಿಸಲಿ.

ತೋರಿಸುವ ಬೆಳಕಿನ ಕಥೆ ಹಾಗಲ್ಲ. 2006ರಲ್ಲಿ ಜರ್ಮನಿಯ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಬಿಳಿ ಬೆಳಕಿನಲ್ಲಿ ಆಪರೇಷನ್ ಆದವರಲ್ಲಿ ಎಂಆರ್‌ಐ ಸ್ಕ್ಯಾನಿನಲ್ಲಿ ಹೊಳೆದು ಕಾಣುವ ಗಡ್ಡೆ ಪೂರ್ತಿ ಹೋಗಿದ್ದು 36% ಜನರಿಗೆ. 5-ಎಎಲ್‌ಎ ಕುಡಿದವರಲ್ಲಿ 65%. ಆರು ತಿಂಗಳಾದರೂ ಗಡ್ಡೆ ಮತ್ತೆ ಬೆಳೆಯದೆ ಇದ್ದವರು 21%ರಿಂದ 41%ಕ್ಕೆ ಏರಿದರು. ಒಟ್ಟು ಆಯಸ್ಸು ಅಷ್ಟು ಸ್ಪಷ್ಟವಾಗಿ ಹೆಚ್ಚಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಗಡ್ಡೆ ಸುಮ್ಮನಿದ್ದ ಆ ತಿಂಗಳುಗಳು ಮನೆಯವರಿಗೆ ಎಷ್ಟು ದೊಡ್ಡವು ಅಂತ ಅನುಭವಿಸಿದವರಿಗೆ ಗೊತ್ತು. ಯುರೋಪ್ ಇದನ್ನು 2007ರಲ್ಲಿ ಒಪ್ಪಿತು, ಅಮೆರಿಕ 2017ರಲ್ಲಿ.

5-ಎಎಲ್‌ಎ ದುಬಾರಿ, ಒಪ್ಪುತ್ತೇನೆ. ಅದಕ್ಕೇ ಇನ್ನೊಂದು ದಾರಿ ಹೇಳುತ್ತೇನೆ. ಶುಗರ್ ಇರುವವರಿಗೆ ಕಣ್ಣಾಸ್ಪತ್ರೆಯಲ್ಲಿ ರೆಟಿನಾದ ಫೋಟೋ ತೆಗೆಯುವಾಗ ಕೈಗೆ ಹಳದಿ ಇಂಜೆಕ್ಷನ್ ಕೊಡುತ್ತಾರಲ್ಲ, ಅದೇ ಫ್ಲೋರೆಸೀನ್. 5-ಎಎಲ್‌ಎ ಜೊತೆ ಹೋಲಿಸಿದರೆ ಇದರ ಬೆಲೆ ಏನೇನೂ ಅಲ್ಲ. ಗಡ್ಡೆ ಇರುವ ಕಡೆ ಮೆದುಳಿನ ರಕ್ತನಾಳಗಳು ಸೋರುವುದರಿಂದ ಈ ಬಣ್ಣ ಅಲ್ಲಿ ನಿಂತು ಹಳದಿ-ಹಸಿರಾಗಿ ಹೊಳೆಯುತ್ತದೆ. 5-ಎಎಲ್‌ಎಯಷ್ಟು ಕರಾರುವಾಕ್ಕಲ್ಲ, ಊತ ಬಂದ ಕಡೆಯೂ ಸ್ವಲ್ಪ ಹರಡುತ್ತದೆ. ಆದರೂ ನುರಿತ ಸರ್ಜನ್ ಕೈಯಲ್ಲಿ ಒಳ್ಳೆಯ ಸಹಾಯ.

ಬಣ್ಣ ಅಗ್ಗ, ಅದನ್ನು ನೋಡುವ ಫಿಲ್ಟರ್ ಅಗ್ಗವಲ್ಲ. ಅದು ಆಪರೇಷನ್ ಮೈಕ್ರೋಸ್ಕೋಪಿನೊಳಗೇ ಇರಬೇಕು. ಸಮಸ್ಯೆ ಇರುವುದು ಇಲ್ಲೇ. ಮೈಕ್ರೋಸ್ಕೋಪ್ ಅಂದರೆ ಒಮ್ಮೆ ಕೊಂಡರೆ ಹತ್ತು ವರ್ಷ ಬದಲಿಸದ ಸಾಮಾನು. ಟೆಂಡರ್ ಕರೆಯುವಾಗ ಫಿಲ್ಟರಿನ ಒಂದು ಸಾಲು ಬಿಟ್ಟುಹೋದರೆ ಅಷ್ಟೂ ವರ್ಷ ಆ ಥಿಯೇಟರಿಗೆ ಬಂದ ರೋಗಿಗಳಿಗೆ ಈ ಬೆಳಕಿಲ್ಲ. ಹುಬ್ಬಳ್ಳಿ, ಮೈಸೂರು, ಬಳ್ಳಾರಿ ಎಲ್ಲೇ ಆಗಲಿ, ಸರ್ಕಾರ ಮುಂದೆ ಕೊಳ್ಳುವ ಪ್ರತಿ ನ್ಯೂರೋಸರ್ಜರಿ ಮೈಕ್ರೋಸ್ಕೋಪಿನ ಟೆಂಡರಿನಲ್ಲಿ ಫ್ಲೋರೆಸೀನ್‌ಗೆ ಹಳದಿ, 5-ಎಎಲ್‌ಎಗೆ ನೀಲಿ, ಎರಡೂ ಫಿಲ್ಟರ್ ಕಡ್ಡಾಯ ಎಂದು ಬರೆಸಿ. ಮೆಡಿಕಲ್ ಕಾಲೇಜುಗಳು ಬೇರೆ ಇಲಾಖೆಗೆ ಸೇರಿದವು ಅಂತ ಅಧಿಕಾರಿಗಳು ಹೇಳಬಹುದು. ರೋಗಿಗೆ ಎರಡೂ ಒಂದೇ ಸರ್ಕಾರ ಅಲ್ವಾ?

ಆರೋಗ್ಯ ಕರ್ನಾಟಕ ಯೋಜನೆಯದ್ದೂ ಒಂದು ಮಾತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುವ ಒಳ್ಳೆಯ ಯೋಜನೆ. ಆದರೆ ಅದು ಆಸ್ಪತ್ರೆಗೆ ದುಡ್ಡು ಕೊಡುವುದು ಪ್ಯಾಕೇಜ್ ಲೆಕ್ಕದಲ್ಲಿ, ಅಂದರೆ ಒಂದು ಆಪರೇಷನ್ನಿಗೆ ಇಷ್ಟೇ ಅಂತ ಮೊದಲೇ ಗೊತ್ತುಮಾಡಿದ ದರ. ಅದರೊಳಗೆ ದುಬಾರಿ ಔಷಧಿ ಬಳಸಿದರೆ ನಷ್ಟ ಆಸ್ಪತ್ರೆಗೆ. ಬಣ್ಣದ ಔಷಧಿಯ ಖರ್ಚನ್ನು ಪ್ಯಾಕೇಜಿನ ಮೇಲೆ ಪ್ರತ್ಯೇಕವಾಗಿ ಕೊಡುವ ವ್ಯವಸ್ಥೆ ಇರಲಿ.

ಇನ್ನು ಲೈಟ್ ಥೆರಪಿ ಹೆಸರಲ್ಲಿ ನಡೆಯುವ ಮೋಸ. ತಲೆಗೆ ಹಾಕಿಕೊಳ್ಳುವ ಕೆಂಪು ದೀಪದ ಟೋಪಿಯೊಂದನ್ನು ಮಾರಲು ನಮ್ಮ ಮನೆಗೇ ಒಬ್ಬರು ಬಂದಿದ್ದರು, ಗಡ್ಡೆ ಕರಗುತ್ತದೆ ಅಂದರು. ಔಷಧಿಯಿಲ್ಲ, ತಲೆಬುರುಡೆ ತೆರೆದಿಲ್ಲ, ಇನ್ನು ಆ ಬೆಳಕು ಏನು ಮಾಡೀತು? ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತು ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಬಗ್ಗೆ ಇರುವ 1954ರ ಕಾಯ್ದೆಯ ಪ್ರಕಾರ ಅಪರಾಧ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಜಾರಿ ಮಾಡಿದರೆ ಸಾಕು.

ಟೆಂಡರ್ ಪತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಮುಂದಿನ ಮೈಕ್ರೋಸ್ಕೋಪ್ ಟೆಂಡರ್ ಬಂದಾಗ ಆ ಫಿಲ್ಟರಿನ ಸಾಲು ಇದೆಯಾ ಅಂತ ನಾನು ನೋಡುತ್ತೇನೆ. ಇಲ್ಲದಿದ್ದರೆ ಮತ್ತೆ ಬರೆಯುತ್ತೇನೆ.

ಇಂತಿ,
ರೋಗಿಯೊಬ್ಬರ ಮನೆಯವನು
ಬೆಂಗಳೂರು