ಆ ರಾಡ್ ಅಟ್ಟದಿಂದ ಇಳಿಸಿ

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮಾಗಿದ್ದೇವೆ. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದ್ದು ಕೇಳಿ ನಗು ಬಂತು. ಬಾಗಿಲಿಗೆ ಸಿಕ್ಕಿ ಗಾಳದ ರಾಡಿನ ತುದಿ ಮುರಿಯಿತಂತೆ. ನನಗೆ ಗೊತ್ತಾಗಬಾರದು ಅಂತ ಅದನ್ನು ಅಟ್ಟಕ್ಕೆ ಹಾಕಿದ್ದೀರಂತೆ. ನಾನೂ ಇಲ್ಲಿ ಎರಡು ರಾಡ್ ಮುರಿದಿದ್ದೇನೆ ಅಪ್ಪ. ಒಂದು ಕಾರಿನ ಬಾಗಿಲಲ್ಲಿ ಹೋಯಿತು. ಇನ್ನೊಂದು ರಿಪೇರಿ ಮಾಡಲು ಹೋಗಿಯೇ ಹಾಳಾಯಿತು. ಮೀನು ಮುರಿದ ರಾಡ್ ಇನ್ನೂ ಒಂದೂ ಇಲ್ಲ!

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀವು ಹೂಂ ಹೂಂ ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಷ್ಟು ಮುರಿದಿದೆ ನೋಡಿ. ತುದಿಯಿಂದ 3–4 ಇಂಚು ಅಷ್ಟೇ ಆದರೆ ಚಿಂತೆ ಇಲ್ಲ. ಸೀಳು ಬಿಟ್ಟ ಭಾಗ ಕತ್ತರಿಸಿ, ಅಲ್ಲಿಗೆ ಗಾಳದ ದಾರ (ಲೈನ್) ಹಾಯುವ ಹೊಸ ತುದಿ ಉಂಗುರ ಹಾಕಿದರಾಯಿತು. ರಾಡ್ ಸ್ವಲ್ಪ ಬಿರುಸಾಗುತ್ತದೆ, ಸಣ್ಣ ಮೀನು ಮುಟ್ಟಿದ್ದು ಮೊದಲಿನಷ್ಟು ಗೊತ್ತಾಗಲಿಕ್ಕಿಲ್ಲ. ಮಿಕ್ಕಿದ್ದೆಲ್ಲ ಸರಿಯೇ. ಆದರೆ ಇಕ್ಕಳದಿಂದ ಕತ್ತರಿಸಬೇಡಿ. ಒಳಗೆ ಟೊಳ್ಳು, ಜಜ್ಜಿಹೋಗುತ್ತದೆ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ಸಣ್ಣ ಅರದಿಂದ ಸುತ್ತಲೂ ಉಜ್ಜುತ್ತಾ ಬನ್ನಿ. ಆ ಪುಡಿ ಮೂಗಿಗೆ ಹೋಗಬಾರದು. ಒದ್ದೆ ಮಾಡಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಈಗ ಅಂಟಿನ ವಿಷಯ. ನಾನು ಕೆಟ್ಟಿದ್ದು ಇಲ್ಲೇ. ಬೇಗ ಆಗಲಿ ಅಂತ ಸೂಪರ್ ಗ್ಲೂ ಹಾಕಿದೆ. ಉಂಗುರ ಕೂದಲೆಳೆಯಷ್ಟು ವಾರೆಯಾಗಿ ಕೂತಿತು, ತಿರುಗಿಸುವ ಮೊದಲೇ ಕಚ್ಚಿಕೊಂಡಿತು. ಬಿಡಿಸಲು ಲೈಟರ್ ಹಿಡಿದೆ. ಉಂಗುರದ ಜೊತೆ ರಾಡೂ ಬಿಸಿಯಾಗಿ ಅಲ್ಲೊಂದು ಕಪ್ಪು ಕಲೆ ಬಿತ್ತು. ಏನೂ ಆಗಲ್ಲ ಅಂದುಕೊಂಡೆ. ಮಾರನೆಯ ದಿನ ಮೊದಲ ಸಲ ಎಸೆಯುವಾಗಲೇ ಸರಿಯಾಗಿ ಆ ಕಲೆಯ ಹತ್ತಿರ ಟಕ್ ಅಂತ ಮುರಿಯಿತು. ರಾಡ್ ಮಾಡಿರುವುದು ಕಾರ್ಬನ್ ನಾರಿನಿಂದ, ಆ ನಾರನ್ನು ಹಿಡಿದಿಟ್ಟುಕೊಂಡಿರುವುದು ಒಂದು ಅಂಟು. ಜಾಸ್ತಿ ಬಿಸಿ ತಾಗಿದರೆ ಅದೇ ಸತ್ತುಹೋಗುತ್ತದೆ.

ಅದಕ್ಕೆ ಗ್ಲೂ ಗನ್ನಿಗೆ ಹಾಕುವ ಕಡ್ಡಿ ಇದೆಯಲ್ಲ, ಅದನ್ನು ಬಳಸಿ. ಗನ್ ಬೇಕಿಲ್ಲ. ಕಡ್ಡಿಯ ತುದಿ ಕರಗಿಸಿ ರಾಡಿಗೆ ತೆಳ್ಳಗೆ ಸವರಿ. ಉಂಗುರವನ್ನು ಇಕ್ಕಳದಲ್ಲಿ ಹಿಡಿದು, ಅದನ್ನು ಮಾತ್ರ ಬಿಸಿ ಮಾಡಿ ತೂರಿಸಿ. ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ನೋಡಿ, ಎಲ್ಲಾ ಉಂಗುರ ಒಂದೇ ಸಾಲಿಗೆ ಬರಬೇಕು. ತಿರುಗಿಸಲು ಕೆಲವು ಸೆಕೆಂಡ್ ಸಿಗುತ್ತದೆ. ಆರಿದ ಮೇಲೆ ಹೊರಗೆ ಬಂದ ಅಂಟು ಉಗುರಿಗೇ ಕಿತ್ತು ಬರುತ್ತದೆ. ಮುಂದೆ ಯಾವತ್ತಾದರೂ ಬದಲಿಸಬೇಕಾದರೆ ಉಂಗುರಕ್ಕೆ ಸ್ವಲ್ಪ ಬಿಸಿ ತಾಗಿಸಿದರೆ ಸಾಕು, ಕಳಚಿ ಬರುತ್ತದೆ.

ಹಾಗೆಯೇ ಉಳಿದ ಉಂಗುರಗಳ ಒಳಗೂ ಸ್ವಲ್ಪ ಹತ್ತಿ ಹಾಯಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಅಂತ. ಲೈನ್ ಸುಮ್ನೆ ಸುಮ್ನೆ ತುಂಡಾಗುವುದು ಎಷ್ಟೋ ಸಲ ಇದರಿಂದಲೇ.

ಅಂಥ ಉಂಗುರ ಬದಲಿಸುವುದು ನಿಮಗೆ ನಾನು ಹೇಳಿಕೊಡಬೇಕಾ? ನನ್ನ ಬ್ಯಾಟಿನ ಹಿಡಿಗೆ ದಾರ ಸುತ್ತಿಕೊಡುತ್ತಿದ್ದಿರಲ್ಲ, ಅದೇ ಕೆಲಸ, ದಾರ ಮಾತ್ರ ಸಣ್ಣದು. ರಾಡಿನ ಮೇಲೆ ಕೂರುವ ಉಂಗುರದ ಪಾದದ ಮೇಲೆ ಒತ್ತೊತ್ತಾಗಿ ಸುತ್ತಿ. ಕೊನೆಯ 6–7 ಸುತ್ತಿನ ಅಡಿಯಲ್ಲಿ ಬೇರೆ ದಾರದ ಕುಣಿಕೆ ಇಟ್ಟು, ಸುತ್ತಿದ ದಾರದ ತುದಿಯನ್ನು ಅದರೊಳಗೆ ತೂರಿಸಿ ಕುಣಿಕೆಯನ್ನು ಎಳೆಯಿರಿ. ಗಂಟೇ ಕಾಣುವುದಿಲ್ಲ. ಮೇಲೆ ಎರಡು ಟ್ಯೂಬಿನ ಎಪಾಕ್ಸಿ ತೆಳ್ಳಗೆ ಎರಡು ಸಲ ಬಳಿಯಿರಿ. ಗಟ್ಟಿಯಾಗುವ ತನಕ ರಾಡನ್ನು ಆಗಾಗ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ಅಂಟೆಲ್ಲ ಕೆಳಗಿಳಿದು ಹನಿಯಾಗಿ ನಿಲ್ಲುತ್ತದೆ. ನನ್ನ ಮೊದಲ ರಿಪೇರಿಯಲ್ಲಿ ಅಂಥ ಮೂರು ಹನಿ ಈಗಲೂ ಇವೆ. ತುರ್ತಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಕೂಡ ನಡೆಯುತ್ತದೆ.

ರಾಡಿನ ಜೋಡಿಸುವ ಎರಡು ಭಾಗ ಬಿಡಿಸಲಾಗದಂತೆ ಕಚ್ಚಿಕೊಂಡರೆ ತಿರುಚಬೇಡಿ. ರಾಡನ್ನು ಮಂಡಿಗಳ ಹಿಂದೆ ಅಡ್ಡ ಹಿಡಿದು, ಸ್ವಲ್ಪ ಬಗ್ಗಿ, ಕೈಗಳನ್ನು ಮಂಡಿಗಳ ಹೊರಬದಿಗೆ ಒತ್ತಿಟ್ಟು ಮಂಡಿ ಅಗಲಿಸಿ. ನೇರವಾಗಿ ಬಿಟ್ಟುಕೊಳ್ಳುತ್ತದೆ. ನೋಡಿದವರು ನಗಬಹುದು, ನಗಲಿ ಬಿಡಿ. ಕೂರಿಸುವ ಮೊದಲು ಒಳಗೆ ಹೋಗುವ ತುದಿಗೆ ಮೇಣದ ಬತ್ತಿ ಒಂದು ಸಲ ಉಜ್ಜಿ.

ಹಿಡಿಯ ಕಾರ್ಕ್ ಅಲ್ಲಲ್ಲಿ ಉದುರಿದ್ದು ಕಳೆದ ಸಲ ಬಂದಾಗ ನೋಡಿದ್ದೆ. ಹಳೆಯ ಬಾಟಲಿ ಕಾರ್ಕನ್ನು ಪುಡಿ ಮಾಡಿ, ಮರಕ್ಕೆ ಹಾಕುವ ಅಂಟಿನಲ್ಲಿ ಕಲಸಿ ತುಂಬಿ. ಒಣಗಿದ ಮೇಲೆ ನುಣುಪಾದ ಎಮರಿ ಪೇಪರಿನಲ್ಲಿ ಉಜ್ಜಿದರೆ ತೇಪೆ ಅಂತ ಬೇಗ ಗೊತ್ತಾಗಲ್ಲ. ಸೈಕಲ್ ಟ್ಯೂಬ್ ತೂರಿಸಿದರೂ ಒದ್ದೆ ಕೈಗೆ ಜಾರುವುದಿಲ್ಲ, ಆದರೆ ಚೆಂದ ಕಾಣಲ್ಲ.

ಒಂದು ಮಾತ್ರ ಮರೆಯಬೇಡಿ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಎತ್ತಿಕೊಂಡು ಹೋಗಬೇಡಿ, ಗುಡುಗು ಕೇಳಿಸಿದರೆ ರಾಡ್ ಮಡಚಿ ಮನೆಗೆ ಬನ್ನಿ.

ತುದಿ ಉಂಗುರ ನಾನು ಕಳಿಸುತ್ತೇನೆ. ಕತ್ತರಿಸಿದ ಮೇಲೆ ಅಲ್ಲಿನ ದಪ್ಪ ಎಷ್ಟು ಅಂತ ಬೇಕು. ನಿಮ್ಮ ಡ್ರಿಲ್ ಬಿಟ್ಟಿನ ಡಬ್ಬಿಯಲ್ಲಿ ಅಳತೆ ಬರೆದ ತೂತುಗಳಿವೆಯಲ್ಲ, ಯಾವುದರಲ್ಲಿ ಬಿಗಿಯಾಗಿ ಹೋಗುತ್ತದೆ ನೋಡಿ, ಆ ನಂಬರ್ ಹೇಳಿ.

ಮತ್ತೆ, ಚಾಡಿ ಹೇಳಿದಳು ಅಂತ ಅಮ್ಮನ ಮೇಲೆ ರೇಗಬೇಡಿ.

ನಿಮ್ಮ ಮಗ