ಬೀರು ಸರಿಸಿ ಗೋಡೆ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ವಿಶ್ವವಿದ್ಯಾಲಯವೊಂದರ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಕಿಟಕಿ ತೆರೆದರೆ ಗಡಿಯಾರದ ಗೋಪುರ ಕಾಣುತ್ತಿತ್ತು. ಅದಕ್ಕೇ ಮನಸೋತು ಅವತ್ತೇ ಮುಂಗಡ ಕೊಟ್ಟುಬಿಟ್ಟೆ. ಬೀರು ಸರಿಸಿ ನೋಡಲೇ ಇಲ್ಲ. ಅದರ ಹಿಂದೆ ಗೋಡೆ ಮೊಣಕಾಲೆತ್ತರದವರೆಗೂ ಒದ್ದೆ. ಬೆರಳಿಟ್ಟರೆ ಸುಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು. ಮೊದಲ ತಿಂಗಳಲ್ಲೇ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಖಾಲಿ ಮಾಡುವಾಗ ಆ ಕಲೆಗೆ ನಾನೇ ಕಾರಣ ಅಂತ ಮುಂಗಡದಲ್ಲಿ ದುಡ್ಡು ಹಿಡಿದರು. ಬಂದ ದಿನವೇ ಒಂದು ಫೋಟೊ ತೆಗೆದಿಟ್ಟಿದ್ದರೆ ಕೇಳಬಹುದಿತ್ತು, ಅಲ್ವಾ?

ಇಂಥ ಕಡೆ ಮನೆಗಳು ಕಡಿಮೆ. ತರಗತಿ ಶುರುವಾಗುವ ಹೊತ್ತಿಗೆ ಹುಡುಕುವವರೆಲ್ಲ ಒಂದೇ ಸಲ ಬರುತ್ತಾರೆ. ಯೋಚಿಸಲು ಒಂದು ದಿನ ಕೇಳಿದರೂ ಮನೆ ಕೈತಪ್ಪುತ್ತದೆ.

ಇದು ಹಳೆಯ ಕಷ್ಟ. ಆಕ್ಸ್‌ಫರ್ಡ್‌ನಲ್ಲಿ 1214ರಲ್ಲೇ ಪೋಪ್ ಪ್ರತಿನಿಧಿಯ ಆದೇಶದಂತೆ ವಿದ್ಯಾರ್ಥಿ ವಸತಿಗಳ ಬಾಡಿಗೆಯನ್ನು ಹತ್ತು ವರ್ಷ ಅರ್ಧಕ್ಕೆ ಇಳಿಸಿದ್ದರು. ಹೊಸ ಮನೆಗಳ ಬಾಡಿಗೆಯನ್ನು ಊರಿನ ನಾಲ್ವರು, ಅಧ್ಯಾಪಕರ ಕಡೆಯ ನಾಲ್ವರು ಕೂತು ನಿಗದಿ ಮಾಡಬೇಕಿತ್ತು. ಎಂಟುನೂರು ವರ್ಷದ ಹಿಂದೆ ಆಗಿದ್ದು ಈಗ ಯಾಕಾಗದು?

ವಿಶ್ವವಿದ್ಯಾಲಯಗಳು ಪ್ರವೇಶ ಕೊಟ್ಟು ಸುಮ್ನೆ ಕೂರಬಾರದು. ಒಂದು ಮಾದರಿ ಕರಾರು ಪತ್ರ ಕೊಡಲಿ. ಜತೆಗೆ ಗೋಡೆ, ನಲ್ಲಿ, ಕಿಟಕಿ ಹೇಗಿವೆ ಅಂತ ಬರೆದು, ಮಾಲೀಕರು ಮತ್ತು ಬಾಡಿಗೆದಾರರು ಇಬ್ಬರೂ ಸಹಿ ಹಾಕುವ ಒಂದು ಹಾಳೆ ಇರಲಿ. ಜಗಳವಾದಾಗ ಕೂತು ಕೇಳುವುದಕ್ಕೆ ಒಬ್ಬರು ಬೇಕು. ನನಗೆ ಅಂಥವರು ಯಾರೂ ಸಿಗಲಿಲ್ಲ.

— ಒಬ್ಬ ಸಂಶೋಧನಾ ವಿದ್ಯಾರ್ಥಿನಿ